ಯಮಳ ಯಂತ್ರವೂ ನನ್ನ ಪಟ್ಟದ ಗೊಂಬೆಯೂ

“ಬಾರೇ ಅಂಬುಜಾ, ಬೇಗ ಬಾ! ಈ ಎರಡರಲ್ಲಿ ನಿಜವಾದ ನಿಂಬೆಹಣ್ಣು ಯಾವುದು, ಹೇಳು ನೋಡೋಣ!”

ಮಹಾಲಯ ಅಮಾವಾಸ್ಯೆಯ ದಿನ. ಎಡೆಗೆ ಇನ್ನೂ ವಡೆ ಕರಿದಾಗಿರಲಿಲ್ಲ. ಹಿತ್ತಿಲ ಶೆಡ್ಡಿನಿಂದ ಕೂಗಿದವರು ನಮ್ಮ ಯಜಮಾನರು, ಪಶುಪತಿ. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಿವೃತ್ತರಾದ ಮರುದಿನವೇ ಆ ಲ್ಯಾಬನ್ನು ತಂದು ನನ್ನ ತಲೆಯ ಮೇಲೆ ಇಟ್ಟವರು. ಒಂಟಿಕೊಪ್ಪಲಿನಲ್ಲಿ ನಮ್ಮ ಮನೆ ಯಾವುದೆಂದು ಕೇಳಿದರೆ ಯಾರೂ ನಂಬರ್ ಹೇಳುವುದಿಲ್ಲ. ವಾಸನೆ ಹಿಡಿದು ಹೋಗಿ ಅನ್ನುತ್ತಾರೆ.

ಹೋಗಿ ನೋಡಿದೆ. ರಿಪೇರಿಗೆ ಕೊಟ್ಟಿದ್ದೇನೆ ಎಂದು ಎರಡು ತಿಂಗಳಿಂದ ಅವರು ಹೇಳುತ್ತಿದ್ದ ನನ್ನ ಗ್ರೈಂಡರ್ ಅಲ್ಲಿತ್ತು. ಅದಕ್ಕೆ ನಾಲ್ಕು ಚಕ್ರ, ಎರಡು ಕೈ, ಒಂದು ಕ್ಯಾಮೆರಾ ಕಣ್ಣು, ನೆತ್ತಿಯ ಮೇಲೆ ನೀಲಿ ದೀಪ, ಬೆನ್ನಿಗೆ ಎರಡು ಡ್ರಮ್ಮು! ಒಂದನ್ನು ಎರಡು ಮಾಡುವ ಈ ಯಂತ್ರಕ್ಕೆ ಇವರು ಇಟ್ಟ ಹೆಸರು ಯಮಳ. ಮುಂದೆ ಮೇಜಿನ ಮೇಲೆ ಎರಡು ನಿಂಬೆಹಣ್ಣು. ಒಂದೇ ಬಣ್ಣ, ಒಂದೇ ಜಾಗದಲ್ಲಿ ಒಂದೇ ಕಪ್ಪು ಚುಕ್ಕೆ. ನಾನು ಒಂದನ್ನು ಎತ್ತಿಕೊಂಡು ಹಿಂಡಿದೆ. ಹೆಬ್ಬೆರಳು ಉಳುಕಿತು.

“ಸೋತೆ!” ಎಂದು ಅವರು ಕುಣಿದರು. “ಇಪಾಕ್ಸಿ ಕಣೇ ಅದು! ರಬ್ಬರಲ್ಲಿ ಅಚ್ಚು ತೆಗೆದು, ರೆಸಿನ್ ಅನ್ನೋ ಅಂಟು ಕಲಸಿ, ಸುರಿದು, ದೀಪ ತೋರಿಸಿ ಗಟ್ಟಿ ಮಾಡೋಕೆ ನಾಲ್ಕೇ ನಿಮಿಷ. ಬೇರೆಯವ್ರಿಗೆ ಒಂದು ದಿನ ಬೇಕು. ಒಂದ್ ಗುಳ್ಳೆ ಇದ್ರೆ ತೋರಿಸು ನೋಡೋಣ!”

“ಗುಳ್ಳೆ ಇಲ್ಲ, ರಸಾನೂ ಇಲ್ಲ. ಇದನ್ನ ಇಟ್ಕೊಂಡು ಚಿತ್ರಾನ್ನ ಮಾಡ್ಲಾ?”

“ನಿಂಬೆಹಣ್ಣಿಗಲ್ವೇ ನಾನು ಇಷ್ಟು ಒದ್ದಾಡಿದ್ದು. ನಿನ್ನ ಪಟ್ಟದ ಗೊಂಬೆಗೆ.”

ನಾನು ನಿಂಬೆಹಣ್ಣನ್ನು ಮೇಜಿನ ಮೇಲಿಟ್ಟೆ.

ನಮ್ಮ ಮೈಸೂರಿನ ಕಡೆ ಮದುವೆಯಲ್ಲಿ ತಾಯಿ ಮಗಳಿಗೆ ಪಟ್ಟದ ಗೊಂಬೆ ಕೊಡುತ್ತಾಳೆ. ದಸರೆಗೆ ಕೂರಿಸುವ ಕೆಂಪು ಮರದ ರಾಜ, ರಾಣಿ. ನನ್ನ ಜೋಡಿ ನನ್ನಮ್ಮನಿಗೆ ಅವಳಮ್ಮ ಕೊಟ್ಟದ್ದು. ರಾಣಿಯ ಮೂಗಿನ ತುದಿ ಚೂರು ಮುಕ್ಕಾಗಿದೆ. ಏಳು ವರ್ಷದವಳಿದ್ದಾಗ ನಾನೇ ಕೆಡವಿದ್ದು. ಅಮ್ಮ ಬೈಯಲಿಲ್ಲ, ಅರಗು ತುಂಬಿ ಬೆರಳಲ್ಲಿ ಒತ್ತಿದಳು. ಅವಳ ಬೆರಳಿನ ಗೆರೆ ಇನ್ನೂ ಅದರ ಮೇಲಿದೆ. ಈ ಕಾರ್ತಿಕದಲ್ಲಿ ನಮ್ಮ ಮಗಳು ಮೇದಿನಿಯ ಮದುವೆ. ಗೊಂಬೆ ಅವಳ ಜೊತೆ ಹೋಗಬೇಕು. ಹೋಗಲೇಬೇಕು, ಆದರೂ ನೆನೆದಾಗೆಲ್ಲ ಕಣ್ಣಲ್ಲಿ ನೀರು. ಅದನ್ನು ಇವರು ನೋಡಿಬಿಟ್ಟಿದ್ದರು.

“ಒಂದು ಜೋಡಿ ಅವಳಿಗೆ, ಒಂದು ಜೋಡಿ ನಿನಗೆ. ಇನ್ನು ಅಳಬೇಡ” ಎಂದರು.

ಮೂವತ್ತು ವರ್ಷದಲ್ಲಿ ಈ ಮನುಷ್ಯ ನನಗಾಗಿ ಮಾಡಹೊರಟ ಮೊದಲ ಯಂತ್ರ ಅದು. ಅದಕ್ಕೇ ಒಪ್ಪಿದೆ. ನನ್ನ ತಪ್ಪು ಅಲ್ಲಿಂದಲೇ ಶುರು.

ಇಪಾಕ್ಸಿ ವಿಷಯದಲ್ಲಿ ಇವರ ಹಿಂದಿನ ಪ್ರತಾಪ ನನಗೆ ಗೊತ್ತಿಲ್ಲದ್ದೇನಲ್ಲ. ಡಬ್ಬಿಯ ಜೊತೆ ಬಂದ ಚೀಟಿಯನ್ನು ಮೇದಿನಿ ಗಟ್ಟಿಯಾಗಿ ಓದಿ ಹೇಳಿದ್ದಳು. “ಅಪ್ಪ, ಕೈಗೆ ಗ್ಲೌಸ್ ಹಾಕ್ಕೋ. ಕಿಟಕಿ ತೆಗಿ. ರೆಸಿನ್ನು, ಹಾರ್ಡನರ್ರು ಎರಡನ್ನೂ ತೂಕ ಮಾಡಿ ಕಲಸಬೇಕಂತೆ. ಒಂದೇ ಸಲ ಜಾಸ್ತಿ ಕಲಸಬಾರದಂತೆ, ಬಿಸಿಯಾಗತ್ತಂತೆ.”

“ಹೆಪ್ಪು ಜಾಸ್ತಿ ಹಾಕಿದ್ರೆ ಮೊಸರು ಬೇಗ ಆಗಲ್ವೇನೇ?” ಎಂದು ಇವರು ಹಾರ್ಡನರನ್ನು ಕಣ್ಣಂದಾಜಿನಲ್ಲಿ ಸುರಿದರು. “ಹುಳಿಯಾಗತ್ತೆ!” ಎಂದೆ. ಕೇಳಿದರೆ ತಾನೆ? ನನ್ನ ಸ್ಟೀಲ್ ಲೋಟ ಕೈಯಲ್ಲೇ ಹೊಗೆಯಾಡಿತು, ಶೆಡ್ಡಿನ ತುಂಬ ಘಾಟು. ಮರುದಿನ ನೋಡಿದರೆ ಆ ಗಟ್ಟಿ ಅಂಟಂಟಾಗಿ, ಗುಳ್ಳೆಗುಳ್ಳೆಯಾಗಿ, ಯಾವ ಕೆಲಸಕ್ಕೂ ಬಾರದೆ ಕೂತಿತ್ತು. ಮೊಣಕೈವರೆಗೂ ತುರಿಕೆ ಎದ್ದು ಎರಡು ವಾರ ಅನ್ನ ಕಲಸಿಕೊಳ್ಳಲೂ ಆಗಲಿಲ್ಲ. ಕಲಸಿಕೊಟ್ಟವಳು ನಾನು.

ಆ ಚೀಟಿಯನ್ನು ಕೊನೆಗೆ ಇವರು ಯಂತ್ರಕ್ಕೆ ಕಲಿಸಿದರು! ಯಮಳ ಗ್ರಾಂ ಲೆಕ್ಕದಲ್ಲಿ ತೂಗುತ್ತಿತ್ತು, ನಿಧಾನ ಕಲಸುತ್ತಿತ್ತು, ತೆಳುವಾಗಿ ಪದರ ಪದರವಾಗಿ ಸುರಿಯುತ್ತಿತ್ತು. ತನ್ನ ಎರಡು ಕೈಗೂ ಗ್ಲೌಸ್ ತೊಟ್ಟುಕೊಂಡಿತ್ತು. ಇವರು ಮಾತ್ರ ಬರಿಗೈ.

ಒಂದು ತೊಡಕಿತ್ತು. ಪಾಡ್ಯದಂದು ಪಟ್ಟಕ್ಕೆ ಕೂರಿಸಿದ ಗೊಂಬೆಯನ್ನು ದಶಮಿಯ ಸಂಜೆ ಮಲಗಿಸುವವರೆಗೂ ಅಲುಗಿಸುವ ಹಾಗಿಲ್ಲ. ಪಾಡ್ಯಕ್ಕೆ ಮೊದಲಾಗಲಿ, ಮಲಗಿಸಿದ ಮೇಲಾಗಲಿ ಪೆಟ್ಟಿಗೆ ತೆಗೆಯುವ ಹಾಗೂ ಇಲ್ಲ. ಹಾಗಾಗಿ ಯಮಳವೇ ಹಾಲಿಗೆ ಬಂದು, ಗೊಂಬೆ ಕೂತಲ್ಲೇ ಅಚ್ಚು ತೆಗೆಯಬೇಕು.

“ಒಂಬತ್ತು ಮೆಟ್ಟಿಲಲ್ಲಿ ನೂರಾರು ಗೊಂಬೆ ಇವೆಯಲ್ರೀ. ಯಾವುದು ಅಂತ ಇದಕ್ಕೆ ಹೇಗೆ ಗೊತ್ತಾಗತ್ತೆ?”

“ಹಣೇಲಿ ಕುಂಕುಮ ಇಟ್ಟಿರೋದು ಪಟ್ಟದ ಗೊಂಬೆಗೆ ಮಾತ್ರ. ಕುಂಕುಮ ಕಾಣಬೇಕು, ಅಲುಗಾಡಬಾರದು. ಎರಡೂ ಇದ್ರೆ ಅದೇ ಗೊಂಬೆ ಅಂತ ಕಲಿಸಿದೀನಿ.”

“ನನ್ನ ಹಣೇಲೂ ಕುಂಕುಮ ಇದೆ!”

“ನೀನು ಅಲುಗಾಡದೆ ಇರೋದುಂಟೇನೇ? ಬಾಯಾದ್ರೂ ಅಲ್ಲಾಡ್ತಾನೇ ಇರತ್ತೆ.”

ಆಯುಧಪೂಜೆಯ ದಿನ ಯಮಳವನ್ನು ತೊಳೆದು ಒರೆಸಿ ಹಾಲಿಗೆ ತಂದು ನಿಲ್ಲಿಸಿದರು. “ನಾಳೆ ದೊಡ್ಡ ಕೆಲಸ ಇದೆ. ನಿನ್ನ ಕೈಯಿಂದಲೇ ಪೂಜೆ ಮಾಡು” ಎಂದರು. ಮಾಡಿದೆ. ಚಕ್ರಕ್ಕೆ ನಿಂಬೆಹಣ್ಣು, ಕೊರಳಿಗೆ ಸೇವಂತಿಗೆ ಹಾರ. ಮುಖ ಅನ್ನುವುದು ಯಾವುದಕ್ಕಾದರೂ ಇದ್ದರೆ ಅಲ್ಲೊಂದು ಬೊಟ್ಟು ಇಡುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಗಂಧದಲ್ಲಿ ಕಲಸಿದ ಕುಂಕುಮವನ್ನು ಯಮಳದ ಮುಖದ ನಟ್ಟನಡುವೆ ಇಟ್ಟೆ. ಮೂವತ್ತು ವರ್ಷ ಇವರ ಸ್ಕೂಟರಿನ ಹೆಡ್‌ಲೈಟಿಗೆ ಇಟ್ಟ ಹಾಗೇ.

ದಶಮಿಯ ಬೆಳಗ್ಗೆ ಮೇದಿನಿಯೂ ಪಕ್ಕದ ಮನೆಯ ಪದ್ಮಾಸನಮ್ಮನೂ ನೋಡಲು ಕೂತರು. ಇವರು ರಿಮೋಟ್ ಒತ್ತಿ, ಅದನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿ ನಿಂತರು. ಯಮಳ ಕಣ್ಣು ತೆರೆಯಿತು. ಗೊಂಬೆಯ ಕಡೆ ತಿರುಗುವ ಬದಲು ಮೇಜಿನತ್ತ ತಿರುಗಿತು. ಎಲ್ಲಕ್ಕಿಂತ ಮೊದಲು ಅದು ಎರಕ ಹೊಯ್ದದ್ದು ರಿಮೋಟಿಗೆ!

“ಏಯ್! ಏನ್ ಮಾಡ್ತಿದೀಯೋ?” ಎಂದು ಇವರು ನುಗ್ಗುವಷ್ಟರಲ್ಲಿ ರಿಮೋಟು ಅಚ್ಚಿನ ರಬ್ಬರಿನ ಸಮೇತ ಗಾಜಿನಂಥ ಗಟ್ಟಿಯೊಳಗೆ ಕೂತಿತ್ತು. ಮುಂದೆ ಕೋಸಂಬರಿಯ ಪಾತ್ರೆ. ಆಮೇಲೆ ದಿನಪತ್ರಿಕೆ. ಆಮೇಲೆ ಇವರ ಚಪ್ಪಲಿ. ಬಳಿಕ ಪದ್ಮಾಸನಮ್ಮನ ಪಾದದ ಮುಂದೆ ಬಂದು ನಿಂತು ತೂಕ ಮಾಡತೊಡಗಿತು.

“ಅಮ್ಮ, ಅದರ ಕಣ್ಣು ನೋಡು!” ಎಂದು ಮೇದಿನಿ ಕಿರುಚಿದಳು. “ಗಾಜಿನ ಮೇಲೇ ಬೊಟ್ಟಿದೆ! ಅದು ಏನು ನೋಡಿದ್ರೂ ಅದಕ್ಕೆ ಕುಂಕುಮ ಕಾಣತ್ತೆ!”

“ಯಾರೂ ಸುಮ್ನೆ ನಿಲ್ಲಬೇಡಿ!” ಇವರು ಕೂಗಿದರು. “ಅಲುಗಾಡ್ತಾ ಇರಿ!”

“ನನಗೆ ಮಂಡಿ ನೋವು ಪಶುಪತಿಯವರೇ!”

“ಹಾಗಾದ್ರೆ ಕೈ ಆಡಿಸಿ!”

ಹೀಗೆ ವಿಜಯದಶಮಿಯ ದಿನ ನಮ್ಮ ಮನೆಯ ಹಾಲಿನಲ್ಲಿ ನಾಲ್ವರು ದೊಡ್ಡವರು ಕುಣಿದೆವು. ಕುಣಿಯುತ್ತಲೇ ನಾನು ಸೆರಗಿನಿಂದ ಬೊಟ್ಟು ಒರೆಸಲು ಹೋದೆ. ಯಮಳದ ಕೈ ನನ್ನನ್ನು ಮೆಲ್ಲಗೆ ದೂರ ಸರಿಸಿತು. ಗ್ಲೌಸ್ ಇಲ್ಲದವರು ಹತ್ತಿರ ಬರಬಾರದಂತೆ! ಅದನ್ನೂ ಚೀಟಿಯಿಂದ ಕಲಿತಿತ್ತು.

“ಗ್ಲೌಸ್ ಎಲ್ರೀ?” ಎಂದೆ.

“ಮನೇಲಿ ಇದ್ದದ್ದು ಒಂದೇ ಜೊತೆ” ಎಂದರು ಇವರು. “ಅದೇ ಹಾಕ್ಕೊಂಡಿದೆಯಲ್ಲ.”

ಕುಣಿಯದೆ ನಿಂತವರು ಹಾಲಿನಲ್ಲಿ ಇನ್ನು ಗೊಂಬೆಗಳು ಮಾತ್ರ. ಯಮಳ ಆ ಕಡೆ ಹೊರಟಿತು. ನಾನು ಅಡ್ಡ ನಿಂತೆ. “ಬೇಡ ಕಣೋ, ಅದು ನನ್ನಮ್ಮಂದು” ಎಂದು ಗ್ರೈಂಡರಿನ ಹತ್ತಿರ ಬೇಡಿಕೊಂಡೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಅದು ನನ್ನನ್ನು ಮತ್ತೆ ಮೆಲ್ಲಗೆ ಸರಿಸಿತು. ಅಚ್ಚಿನ ರಬ್ಬರು ಕೋಸಂಬರಿಯ ಹೊತ್ತಿಗೇ ಮುಗಿದಿತ್ತು. ಮುಗಿದರೆ ನಿಲ್ಲಬೇಕೆಂದು ಇವರು ಕಲಿಸಿರಲಿಲ್ಲ. ರೆಸಿನ್ ನೇರವಾಗಿ ಗೊಂಬೆಗಳ ಮೇಲೆ ಬಿತ್ತು. ತೆಳು ಪದರ, ನೀಲಿ ದೀಪ, ಮತ್ತೆ ತೆಳು ಪದರ. ಗಡಿಬಿಡಿಯಿಲ್ಲ, ಒಂದು ಹನಿ ಚೆಲ್ಲಲಿಲ್ಲ. ಮೊದಲು ಕೆಳಗಿನ ಮೆಟ್ಟಿಲ ಶೆಟ್ಟಿಯ ಅಂಗಡಿ ಮುಳುಗಿತು, ಆಮೇಲೆ ಆನೆ ಕುದುರೆ, ಕೊನೆಗೆ ರಾಜ, ರಾಣಿ.

ಎಲ್ಲ ಮುಗಿದ ಮೇಲೆ ಯಮಳ ತಾನು ಹೊಯ್ದ ನುಣುಪು ಗಟ್ಟಿಯನ್ನು ನೋಡುತ್ತ ನಿಂತಿತು. ಅದರಲ್ಲಿ ತನ್ನದೇ ಮುಖ ಕಂಡಿತು. ಹಣೆಯಲ್ಲಿ ಕುಂಕುಮ. ಅಲುಗಾಟವಿಲ್ಲ. ಎರಡೂ ಇದ್ದರೆ ಅದೇ ಗೊಂಬೆ! ಎರಡು ಕೈಯನ್ನೂ ನೆತ್ತಿಯ ಮೇಲೆತ್ತಿ, ಉಳಿದ ರೆಸಿನ್ನನ್ನೆಲ್ಲ ತನ್ನ ಮೇಲೇ ಸುರಿದುಕೊಂಡು, ಹಾರದ ಸಮೇತ ಗಟ್ಟಿಯಾಯಿತು.

ಇವರು ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಗ್ಗಿ ನೋಡಿದರು. “ಒಂದ್ ಗುಳ್ಳೇನೂ ಇಲ್ಲ ಕಣೇ” ಎಂದರು. ಆಮೇಲೆ ನೋಟ್‌ಬುಕ್ ತೆಗೆದು ಬರೆದರು: ವೈಫಲ್ಯಕ್ಕೆ ಕಾರಣ, ಹೆಂಡತಿ.

ಉಳಿಯಲ್ಲಿ ಕೆತ್ತಿ ನೋಡಿದೆವು, ಉಳಿ ಮುರಿಯಿತು. ಬಿಸಿ ಮಾಡೋಣವೆಂದರೆ ಒಳಗಿನ ಅರಗು ಕರಗುತ್ತದೆ, ಅಮ್ಮನ ಬೆರಳಿನ ಗೆರೆ ಹೋಗುತ್ತದೆ. ಬೇಡವೆಂದೆ. ಗಟ್ಟಿಗೆ ಕಣ್ಣು ಒತ್ತಿದರೆ ಆ ಮೂಗು ಚೆನ್ನಾಗಿ ಕಾಣುತ್ತದೆ. ಮುಟ್ಟಲು ಆಗುವುದಿಲ್ಲ.

ಕಾರ್ತಿಕದಲ್ಲಿ ಮೇದಿನಿಯ ಮದುವೆಯಾಯಿತು. ಗೊಂಬೆ ಕೊಡುವ ಹೊತ್ತಿಗೆ ನನ್ನ ತಟ್ಟೆಯಲ್ಲಿದ್ದದ್ದು ಇಪಾಕ್ಸಿ ನಿಂಬೆಹಣ್ಣು. ಮಗಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳು ಏನಾದರೂ ಅಂದಿದ್ದರೆ ನನಗೆ ಹಗುರಾಗುತ್ತಿತ್ತು. “ಇದೇನ್ರೀ ಇದು?” ಎಂದು ಬೀಗಿತ್ತಿ ಕೇಳಿದರು. “ಗುಳ್ಳೆ ಇಲ್ಲ ನೋಡಿ” ಎಂದರು ನಮ್ಮ ಯಜಮಾನರು. ನನಗೆ ಇವರ ಮುಖ ನೋಡಬೇಕೆನಿಸಲಿಲ್ಲ. ಗೊಂಬೆ ನನ್ನ ಹತ್ತಿರವೇ ಉಳಿಯುವಂತೆ ಮಾಡುತ್ತೇನೆಂದು ಹೇಳಿದ್ದರು, ಮಾಡಿದ್ದಾರೆ.

ಪಟ್ಟದ ಗೊಂಬೆಯನ್ನು ಮಲಗಿಸದೆ ಹಬ್ಬ ಮುಗಿಯುವುದಿಲ್ಲ. ನಮ್ಮ ರಾಜ ರಾಣಿ ನಿಂತೇ ಇದ್ದಾರೆ. ಹಾಗಾಗಿ ದಿನವೂ ಆರತಿ ಎತ್ತುತ್ತೇನೆ, ದಿನವೂ ಸಂಜೆ ಬೀದಿಯ ಮಕ್ಕಳೆಲ್ಲ ಬಾಗಿಲಿಗೆ ಬಂದು “ಗೊಂಬೆ ಕೂರ್ಸಿದೀರಾ?” ಎಂದು ಕೇಳುತ್ತಾರೆ. ಇಲ್ಲ ಅನ್ನುವುದು ಹೇಗೆ? ನಾಳೆ ಸಂಕ್ರಾಂತಿ, ನಮ್ಮ ಮನೆಯಲ್ಲಿ ಮಾತ್ರ ನವರಾತ್ರಿಯ ನೂರಾ ಮೂರನೆಯ ದಿನ. ಮಕ್ಕಳಿಗೆ ಹಂಚಲು ಕಡಲೆ ನೆನೆಹಾಕಬೇಕು.