ಸುಮ್ಮನೆ ಕೂರಲು ಒಂದು ಠರಾವು

ನಮ್ಮ ಚಿಗವ್ವನಂಥ ಜನಪ್ರತಿನಿಧಿ ಇಡೀ ಸಿಂದಗಿ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಐದು ವರ್ಷ ಗ್ರಾಮ ಪಂಚಾಯಿತಿಯ ಸದಸ್ಯಳಾಗಿದ್ದಳು. ಒಂದು ಸಭೆಯನ್ನೂ ತಪ್ಪಿಸಲಿಲ್ಲ, ಆದರೆ ಪ್ರತಿ ಸಭೆಯಲ್ಲೂ ಅರ್ಧ ಹೊತ್ತು ಕಿಟಕಿಯಿಂದಾಚೆಗೇ ಇದ್ದಳು. ಹಾಜರಿ ಪುಸ್ತಕದಲ್ಲಿ ಸಹಿ ಇರುತ್ತಿತ್ತು, ಕುರ್ಚಿಯ ಮೇಲೆ ಇಳಕಲ್ಲ ಸೀರೆಯೂ ಇರುತ್ತಿತ್ತು. ಆಕೆ ಮಾತ್ರ ಎದುರಿನ ಬೇವಿನ ಮರದಲ್ಲೋ, ಅದರಾಚೆಯ ಮೋಡದಲ್ಲೋ ಇರುತ್ತಿದ್ದಳು. ಊರಿನ ಹೆಸರು ಹೇಳುವುದಿಲ್ಲ. ಮೋರಟಗಿಯ ಹಾದಿಯಲ್ಲಿ ಸಿಗುತ್ತದೆ ಅಂದಿಟ್ಟುಕೊಳ್ಳಿ. ಇನ್ನೂ ಹೆಚ್ಚು ಹೇಳಿದರೆ ನನ್ನ ಮೇಲೂ ಒಂದು ಠರಾವು ಪಾಸು ಮಾಡಿಸಿಬಿಟ್ಟಾಳು.

ಚಿಗವ್ವ ಅಂದರೆ ನನ್ನ ತಾಯಿಯ ತಂಗಿ. ಗುಂಗಿನ ಹೆಣ್ಣು ಎಂದು ಮೊದಲಿನಿಂದಲೂ ಹೆಸರು. ಒಮ್ಮೆ ಒಲೆಯ ಮೇಲೆ ಚಹಾಕ್ಕಿಟ್ಟು, ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋಗಿದ್ದಾಳೆ. ಅಲ್ಲಿ ಇರುವೆಗಳು ಒಂದು ಸತ್ತ ಜೀರುಂಡೆಯನ್ನು ಹೊತ್ತುಕೊಂಡು ಹೊರಟಿದ್ದವಂತೆ. ಅವು ಗೋಡೆ ಹತ್ತಿ ಇಳಿಯುವವರೆಗೆ ನೋಡುತ್ತ ನಿಂತಳು. ಪಾತ್ರೆ ಸೀದ ವಾಸನೆ ಓಣಿಗೆಲ್ಲ ಹಬ್ಬಿದ ಮೇಲೆ, "ಯಾರ ಮನ್ಯಾಗೋ ಏನೋ ಹೊತ್ತೈತಿ, ನೋಡ್ಕೋರಿ" ಎಂದು ನೆರೆಯವರನ್ನು ಎಚ್ಚರಿಸಿದಳು.

ಇಂಥವಳು ಪಂಚಾಯಿತಿಗೆ ಹೇಗೆ ಹೋದಳು ಎಂದು ಕೇಳುತ್ತೀರಿ. ಇಂಥವಳಾದ್ದರಿಂದಲೇ ಹೋದಳು. ಆ ಸಲ ಅವರ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಊರಿನ ಹಿರಿಯರಿಗೆ ಮಾತಾಡದ, ಪ್ರಶ್ನೆ ಕೇಳದ, ಮುಂದಿಟ್ಟ ಕಾಗದಕ್ಕೆ ಸಹಿ ಮಾಡುವ ಒಬ್ಬ ಹೆಣ್ಣುಮಗಳು ಬೇಕಾಗಿದ್ದಳು. ನಾಲ್ಕು ಜನ ಸೇರಿ ಚಿಗವ್ವನ ಮನೆಗೆ ಬಂದರು. ಆಕೆ ಹೊಸ್ತಿಲ ಮೇಲೆ ಕೂತು ಎದುರಿನ ಗೋಡೆಯ ಮೇಲೆ ಬಿಸಿಲು ಇಳಿಯುವುದನ್ನು ನೋಡುತ್ತಿದ್ದಳು.

"ಏನವಾ, ನಿಂದರ್ತೀಯೇನು?" ಎಂದರು ಹಿರಿಯರೊಬ್ಬರು.

ತಾನು ಬಾಗಿಲಿಗೆ ಅಡ್ಡ ಕೂತಿದ್ದೇನೆ, ಎದ್ದು ನಿಂತರೆ ಇವರು ಒಳಗೆ ಹೋಗುತ್ತಾರೆ ಎಂದುಕೊಂಡ ಚಿಗವ್ವ "ಹೂಂನ್ರಿ" ಎಂದು ಎದ್ದು ನಿಂತಳು. ಅಷ್ಟೇ. ಹದಿನೈದು ದಿನದಲ್ಲಿ ಅವಿರೋಧವಾಗಿ ಆಯ್ಕೆಯಾದಳು.

ಈ ಆಯ್ಕೆಯಿಂದ ಹೆಚ್ಚು ಖುಷಿಯಾದದ್ದು ನಮ್ಮ ಕಾಕಾನಿಗೆ, ಅಂದರೆ ಚಿಗವ್ವನ ಗಂಡನಿಗೆ. ನಮ್ಮ ಕಡೆ ಹೆಂಡತಿ ಸದಸ್ಯಳಾದರೆ ಗಂಡ ಸಭೆಗೆ ಹೋಗಿ ಕುರ್ಚಿಯಲ್ಲಿ ಕೂರುವುದು ಹೊಸದೇನಲ್ಲ. ಕಾಕಾ ಹೊಸ ಧೋತರ ತಂದ, ಅಂಗಿಯ ಜೇಬಿಗೆ ಎರಡು ಪೆನ್ನು ಸಿಗಿಸಿದ, ಮೊದಲ ಸಭೆಯ ದಿನ ಕನ್ನಡಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ. ತಿರುಗಿ ನೋಡಿದರೆ ಬಾಗಿಲು ಮುಚ್ಚಿತ್ತು. ಎಳೆದ, ಬರಲಿಲ್ಲ. ಚಿಗವ್ವ ಎಂದಿನ ಗುಂಗಿನಲ್ಲಿ ಹೊರಗಿನಿಂದ ಕೀಲಿ ಹಾಕಿಕೊಂಡು ಸಭೆಗೆ ಹೋಗಿಬಿಟ್ಟಿದ್ದಳು.

ಸಂಜೆ ಬಂದು ಬಾಗಿಲು ತೆಗೆದವಳು ಗಂಡನನ್ನು ನೋಡಿ ನಿಜವಾಗಿಯೂ ಬೆರಗಾದಳು. "ಅಯ್ಯ, ನೀವು ಒಳಗ ಇದ್ರೇನು? ಹೊಲಕ್ಕ ಹೋಗೀರಿ ಅಂತ ತಿಳಕೊಂಡಿದ್ನಿ."

"ಕನ್ನಡಿ ಮುಂದ ನಿಂತಿದ್ನೆಲ್ಲ, ಕಾಣ್ಲಿಲ್ಲೇನು ನಿನಗ?"

"ಕಂಡೀರಿ. ಹೊಲಕ್ಕ ಯಾಕ ಇಷ್ಟ ತಯಾರಾಗಿ ಹೊಂಟಾರು ಅಂತ ವಿಚಾರ ಮಾಡಕೋತನ ಹೋದ್ನಿ."

ಎರಡನೇ ಸಭೆಗೆ ಕಾಕಾ ಒಂದು ತಾಸು ಮೊದಲೇ ಹೋಗಿ ಪಂಚಾಯಿತಿಯ ಗೇಟಿನಲ್ಲಿ ನಿಂತ. ಆದರೆ ಅಷ್ಟರಲ್ಲಿ ಕುರ್ಚಿಗೆ ಚಿಗವ್ವನ ಅಭ್ಯಾಸವಾಗಿಬಿಟ್ಟಿತ್ತು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಊರವರ ಬಾಯಲ್ಲಿ ಪಿಡಿಒ ಮೇಡಂ, ಕಾಕಾನಿಗೆ ಹೊರಗಿನ ಬೆಂಚು ತೋರಿಸಿ ಒಂದು ಕಪ್ ಚಹಾ ಕಳಿಸಿದರು. ಈ ಮೇಡಂ ತುಮಕೂರು ಕಡೆಯವರು. ನಮ್ಮ ಮಾತಿನ ಬಿರುಸಿಗೆ ಹೆದರಿ, ಬಂದ ಹೊಸತರಲ್ಲಿ ಆರು ತಿಂಗಳು ಊರವರೆಲ್ಲ ತಮ್ಮ ಮೇಲೆ ಜಗಳಕ್ಕೆ ಬರುತ್ತಿದ್ದಾರೆ ಎಂದೇ ತಿಳಿದಿದ್ದರಂತೆ. ಚಹಾ ಬೇಕೇನು ಎಂದು ಕೇಳಿದರೂ ಬೆಚ್ಚಿಬೀಳುತ್ತಿದ್ದರು.

ಸಭೆಯಲ್ಲಿ ಚಿಗವ್ವ ಏನು ಮಾಡುತ್ತಿದ್ದಳು? ಒಂದು ಪ್ರಸಂಗ ಹೇಳುತ್ತೇನೆ. ಬೀದಿ ದೀಪದ ಬಗ್ಗೆ ಜೋರು ಚರ್ಚೆ ನಡೆದಿತ್ತು. ಅಧ್ಯಕ್ಷರು, "ಅಕ್ಕಾರ, ನೀವೇನಂತೀರಿ?" ಎಂದು ಕೇಳಿದರು.

"ಐದನೇ ಸಲ ಬಂತ್ರಿ," ಎಂದಳು ಚಿಗವ್ವ.

"ಏನು? ಕರೆಂಟೇನು?"

"ಗುಬ್ಬಿರಿ. ಬಾಯಾಗ ಕಡ್ಡಿ ಹಿಡಕೊಂಡು ಆ ಕಪಾಟಿನ್ಯಾಗ ಹೊಕ್ಕೊಳ್ಳಾಕತ್ತೈತಿ."

ಎಲ್ಲರೂ ನಕ್ಕರು. ಪಿಡಿಒ ಮೇಡಂ ಮಾತ್ರ ಎದ್ದು ಹೋಗಿ, ಗಾಜು ಒಡೆದ ಆ ಹಳೆಯ ಕಪಾಟಿನ ಬಾಗಿಲು ತೆಗೆದರು. ಒಳಗೆ ಚೆಂದದ ಗೂಡು. ಗೂಡಿನ ಕೆಳಗೆ ಒಂದು ಕಟ್ಟು ಕಾಗದ. ಬಿಚ್ಚಿ ನೋಡಿದರೆ ಊರಿನ ವಿಧವೆಯರು, ಮುದುಕಿಯರು ಪಿಂಚಣಿಗೆಂದು ಕೊಟ್ಟ ಅರ್ಜಿಗಳು. ಮೇಡಂ ಬರುವ ಮೊದಲೇ ಯಾರೋ ಅಲ್ಲಿಟ್ಟು ಮರೆತಿದ್ದರು. ಅಲ್ಲಿಯವರೆಗೆ ಆ ಅರ್ಜಿಗಳಿಂದ ಪ್ರಯೋಜನ ಪಡೆದದ್ದು ಆ ಗುಬ್ಬಿಯೊಂದೇ. ಮೊಟ್ಟೆಯಿಟ್ಟು ಮರಿಯಾಗಿ ಹಾರಿಹೋಗುವ ತನಕ ಕಾಯಬೇಕು ಎಂದು ಚಿಗವ್ವ ಹಟ ಹಿಡಿದಳು. ಕೊನೆಗೆ ಗೂಡನ್ನು ಅಲುಗಿಸದೆ ಕೆಳಗಿನಿಂದ ಒಂದೊಂದೇ ಅರ್ಜಿ ಎಳೆದು ತೆಗೆದರು. ಅಂದಿನಿಂದ ಚಿಗವ್ವ ಕಿಟಕಿಯ ಹೊರಗೆ ನೋಡತೊಡಗಿದರೆ ಸಭೆಯಲ್ಲಿ ಒಬ್ಬಿಬ್ಬರಿಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಆಕೆಯ ಅವಧಿಯ ನಾಲ್ಕನೇ ವರ್ಷ ಅಸಲಿ ಪ್ರಕರಣ ಶುರುವಾಯಿತು. ಮುಂದಿನ ವರ್ಷಕ್ಕೆ ಯಾವ ಯಾವ ಕಾಮಗಾರಿ ಬೇಕು ಎಂದು ಪಟ್ಟಿ ಮಾಡುತ್ತಿದ್ದರು. ಉಪಾಧ್ಯಕ್ಷರು ಊರ ಬಾಗಿಲಿಗೆ ಸ್ವಾಗತ ಕಮಾನು ಬೇಕೆಂದರು. "ಇಂಡಿ ಕಡೆ ನೋಡ್ರಿ, ಬಾಗೇವಾಡಿ ಕಡೆ ನೋಡ್ರಿ, ಸಣ್ಣ ಸಣ್ಣ ಊರಿಗೂ ಕಮಾನ ಅದಾವ. ನಮ್ಮ ಊರಿಗೊಂದು ಮಾರಿ, ಮುಖ ಅಂತ ಬ್ಯಾಡೇನು?" ಊರ ಬಾಗಿಲೆಂದರೆ ಪಂಚಾಯಿತಿಯ ಎದುರೇ. ಕಮಾನಿನ ಒಂದು ಕಾಲು ಬೀಳುವ ಜಾಗದಲ್ಲಿ ದೊಡ್ಡ ಬೇವಿನ ಮರವಿತ್ತು. ಅದನ್ನು ಕಡಿಯಬೇಕಾಗುತ್ತಿತ್ತು. ಚಿಗವ್ವ ಅಲ್ಲಿಯವರೆಗೆ ಪ್ರತಿ ಸಭೆಯಲ್ಲೂ ವಾಸವಾಗಿದ್ದ ಮರವೇ ಅದು.

ಚಿಗವ್ವ ಕಿಟಕಿಯಿಂದ ತಿರುಗಿ ಒಳಗೆ ನೋಡಿದಳು. ಅದೇ ಒಂದು ಘಟನೆ.

"ಆ ಗಿಡದ ಸುತ್ತ ಒಂದು ಕಟ್ಟಿ ಕಟ್ರಿ," ಎಂದಳು. "ಹೆಣ್ಮಕ್ಕಳಿಗೆ."

"ಯಾತಕ್ಕವಾ?"

"ಕುಂದ್ರಾಕ್ರಿ. ನಿಮಗ ಹನುಮಪ್ಪನ ಗುಡಿ ಕಟ್ಟಿ ಐತಿ, ದರ್ಗಾದ ಕಟ್ಟಿ ಐತಿ, ಚಾದಂಗಡಿ ಬಾಕ ಐತಿ. ನಾವು ಮನಿ ಬಿಟ್ಟು ಹೊರಗ ಎಲ್ಲಿ ಕುಂದ್ರೂಣು?"

ನಗು ಬಂದು ಹೋಯಿತು. ಮೇಡಂ ಕಂಪ್ಯೂಟರಿನ ಮುಂದೆ ಕೂತು, "ಅಮ್ಮಾ, ಇಲ್ಲಿ ಉದ್ದೇಶ ಅಂತ ಒಂದು ಕಾಲಂ ಇದೆ. ಏನು ತುಂಬಲಿ?" ಎಂದು ಕೇಳಿದರು.

"ಕುಂದ್ರಾಕ ಅಂತ ಬರೀರಿ."

"ಕೂತ್ಕೊಂಡು ಏನ್ಮಾಡ್ತೀರಾ?"

"ಏನೂ ಮಾಡೂದಿಲ್ರಿ. ಅದಕ್ಕ ಕೇಳಾಕತ್ತೇನಿ."

ಯಾರೋ ಬಟ್ಟೆ ತೊಳೆಯುವ ಕಟ್ಟೆ ಎಂದು ಬರೆಯಲು ಹೇಳಿದರು. ಹಾಗೆ ಬರೆದರೆ ನಾಳೆ ಬಟ್ಟೆ ಹೊತ್ತುಕೊಂಡೇ ಬರಬೇಕಾಗುತ್ತದೆ ಎಂದು ಚಿಗವ್ವ ಒಪ್ಪಲಿಲ್ಲ. ಇನ್ನೊಬ್ಬರು ಬಸ್ ತಂಗುದಾಣ ಎನ್ನಿ ಎಂದರು. ಆ ದಾರಿಯಲ್ಲಿ ಬಸ್ಸೇ ಬರುವುದಿಲ್ಲ. ಸುಳ್ಳು ಬರೆದ ಕಟ್ಟೆಯ ಮೇಲೆ ಕೂತರೆ ಚುಚ್ಚುತ್ತದೆ ಎಂದಳು. ಅಧ್ಯಕ್ಷರಿಗೆ ಸಾಕಾಯಿತು. ಕಮಾನೋ ಕಟ್ಟೆಯೋ ಮಹಿಳಾ ಗ್ರಾಮ ಸಭೆಯಲ್ಲೇ ತೀರ್ಮಾನವಾಗಲಿ ಎಂದರು. ಉಪಾಧ್ಯಕ್ಷರು ತಕ್ಷಣ ಒಪ್ಪಿದರು. ಏಕೆಂದರೆ ಮಹಿಳಾ ಗ್ರಾಮ ಸಭೆಗೆ ಮಹಿಳೆಯರು ಬರುತ್ತಿರಲಿಲ್ಲ. ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡು ಬರುವುದು ರೂಢಿ.

ಚಿಗವ್ವ ಸಭೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಇಡಿಸಿದಳು. ಜೋಳದ ರಾಶಿ ಮುಗಿದ ದಿನಗಳವು. ಆಮೇಲೆ ಓಣಿಯ ಓಣಿ ತಿರುಗಿದಳು. ಹೇಳುತ್ತಿದ್ದದ್ದು ಒಂದೇ ಮಾತು: "ಬಂದು ಕುಂದರ್ರಿ." ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಮಾಬೂಬಿಗೆ ನಂಬಿಕೆ ಬರಲಿಲ್ಲ.

"ಬರೂ ಮುಂದ ಏನ್ ತರಬೇಕಕ್ಕಾ?"

"ಏನೂ ತರಬ್ಯಾಡ. ಬರೇ ಕೈಲೆ ಬಾ."

"ಬರೇ ಕೈಲೆ ಹೆಂಗ ಬರೂದು?" ಎಂದು ಮಾಬೂಬಿ ತನ್ನ ಕೈಗಳನ್ನೇ ನೋಡಿಕೊಂಡಳಂತೆ.

ಆ ದಿನ ನಾನೂ ಅಲ್ಲಿದ್ದೆ. ಸಿಂದಗಿಯಲ್ಲಿ ಸಾಲಿ ಮಾಸ್ತರನಾದ ನನ್ನ ಅಕ್ಷರ ದುಂಡಗಿದೆ ಎಂದು ಹಾಜರಿ ಬರೆಯಲು ಕರೆಸಿದ್ದಳು. ನಲವತ್ತಕ್ಕೂ ಹೆಚ್ಚು ಹೆಂಗಸರು ಬಂದರು. ಬರಿಗೈಯಲ್ಲಿ ಬಂದವರು ಕಡಿಮೆ. ಒಬ್ಬಳು ತೊಗರಿಬೇಳೆ ಆರಿಸಲು ಮೊರ ತಂದಿದ್ದಳು, ಒಬ್ಬಳು ಕೌದಿ ಹೊಲಿಯುವ ಸೂಜಿ, ಇನ್ನೊಬ್ಬಳು ಸುಲಿಯಲು ಬೆಳ್ಳುಳ್ಳಿ. ಚಿಗವ್ವ ಎಲ್ಲವನ್ನೂ ಇಸಿದುಕೊಂಡು ಪಂಚಾಯಿತಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಳು. ನೋಡಿದವರಿಗೆ ಸಂತೆ ಕೂಡಿದೆ ಅನ್ನಿಸಬೇಕು.

ಬೇವಿನ ಕೆಳಗೆ ಜಮಖಾನೆ ಹಾಸಿತ್ತು. ಮರ ಹೂ ಬಿಟ್ಟಿತ್ತು. ಸಣ್ಣ ಬಿಳಿ ಹೂಗಳು ಹೆಂಗಸರ ಸೆರಗಿನ ಮೇಲೆ ಸದ್ದಿಲ್ಲದೆ ಉದುರುತ್ತಿದ್ದವು. ಜೇನುನೊಣಗಳ ಗುಂಯ್ ಎಂಬ ಸದ್ದು ಮಾತ್ರ ಕೇಳುತ್ತಿತ್ತು. ಹೊರಗೆ ಸುಡುವ ಬಿಸಿಲು, ಒಳಗೆ ನೆರಳಿನ ಒಂದು ಬೇರೆಯೇ ಊರು.

"ಹೇಳಿ ಅಮ್ಮಾ, ನಿಮ್ಮ ಬೇಡಿಕೆ ಏನು?" ಎಂದು ಮೇಡಂ ಕೇಳಿದರು.

ಗಾಳಿ ಬೀಸಿತು. ಮಾಬೂಬಿಯ ರೆಪ್ಪೆ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಉಪಾಧ್ಯಕ್ಷರ ಮುದಿ ತಾಯಿ ಆಕೆಯ ಪಕ್ಕದಲ್ಲಿದ್ದರು. ಅವರ ತಲೆ ಮೆಲ್ಲಗೆ ವಾಲಿ ಮಾಬೂಬಿಯ ಹೆಗಲ ಮೇಲೆ ನಿಂತಿತು. ಹಿಂದಿನ ಸಾಲಿನಲ್ಲಿ ಒಬ್ಬಳು ಕಾಲು ಚಾಚಿದಳು. ಅವಳನ್ನು ನೋಡಿ ಇನ್ನೊಬ್ಬಳು. ಹತ್ತು ನಿಮಿಷದಲ್ಲಿ ಮಹಿಳಾ ಗ್ರಾಮ ಸಭೆಗೆ ಸಭೆಯೇ ನಿದ್ದೆ ಹೋಗಿತ್ತು. ಇಪ್ಪತ್ತೊಂದು ವರ್ಷ ಪಾಠ ಮಾಡಿದ್ದೇನೆ. ನನ್ನ ತರಗತಿಯಲ್ಲೂ ಇಷ್ಟು ಒಗ್ಗಟ್ಟಿನ ನಿದ್ದೆ ನಾನು ಕಂಡಿಲ್ಲ.

ಮೇಡಂ ದನಿ ತಗ್ಗಿಸಿ, "ಅಮ್ಮಾ, ಎಲ್ರೂ ಮಲಗಿಬಿಟ್ರು. ನಡಾವಳೀಲಿ ಏನು ಬರೀಲಿ?" ಎಂದರು.

"ಇದನ್ನ ಬರೀರಿ," ಎಂದಳು ಚಿಗವ್ವ. "ಬಂದ್ರು, ಕುಂತ್ರು, ನಿದ್ದಿ ಹತ್ತಿತು ಅಂತ."

ಮೇಡಂ ನನ್ನ ಮುಖ ನೋಡಿದರು, ಮಲಗಿದವರ ಮುಖಗಳನ್ನು ನೋಡಿದರು. ಆಮೇಲೆ ಹಾಗೆಯೇ ಬರೆದರು.

ಅದೇ ಹೊತ್ತಿಗೆ ಉಪಾಧ್ಯಕ್ಷರು ಮೋಟರ್‌ಸೈಕಲ್ಲಿನಲ್ಲಿ ಬಂದರು. ಕಮಾನಿನ ಪರವಾಗಿ ಭಾಷಣ ತಯಾರಿಸಿಕೊಂಡೇ ಬಂದಿದ್ದರು. ಹಿಂದೆ ಕೂತಿದ್ದ ಅವರ ಮಗ ಜಮಖಾನೆಯ ಮೇಲಿನ ತನ್ನ ಅಜ್ಜಿಯನ್ನು ಕಂಡು "ಆಯೀ" ಎಂದು ಕೂಗಲು ಬಾಯಿ ತೆರೆದ. ಉಪಾಧ್ಯಕ್ಷರು ಅವನ ಕೈ ಹಿಡಿದರು.

"ಏ, ಸುಮ್ಮಿರು. ಎಬ್ಬಸಬ್ಯಾಡ."

ಸ್ವಲ್ಪ ಹೊತ್ತು ತಾಯಿಯನ್ನೇ ನೋಡುತ್ತ ನಿಂತರು. ಆಮೇಲೆ ಗಾಡಿ ಚಾಲೂ ಮಾಡದೆ, ಓಣಿಯ ತಿರುವಿನವರೆಗೂ ಕೈಯಲ್ಲೇ ತಳ್ಳಿಕೊಂಡು ಹೋದರು. ಮುಂದಿನ ಸಭೆಯಲ್ಲಿ ಠರಾವು ಬಂದಾಗ, "ನಂದೇನ ತಕರಾರಿಲ್ಲ" ಎಂದಷ್ಟೇ ಹೇಳಿದರು.

ಉದ್ದೇಶದ ಕಾಲಂನಲ್ಲಿ 'ಮಹಿಳೆಯರು ಸುಮ್ಮನೆ ಕೂರುವುದು' ಎಂದು ದಾಖಲಾಯಿತು. ಅದೇನೆಂದು ವಿವರಣೆ ಕೇಳಿ ಮೇಲಿನಿಂದ ಒಮ್ಮೆ ಕಾಗದ ವಾಪಸು ಬಂತು. ಮೇಡಂ ಅದಕ್ಕೆ ಆ ನಿದ್ದೆಯ ನಡಾವಳಿಯ ಪ್ರತಿ ಲಗತ್ತಿಸಿ ಕಳಿಸಿದರು. ಓದಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಮರುಪ್ರಶ್ನೆ ಬರಲಿಲ್ಲ. ಮುದ್ದೇಬಿಹಾಳದ ಕಡೆಯಿಂದ ಫರಸಿ ಕಲ್ಲು ಬಂದವು, ಬೇವಿನ ಸುತ್ತ ಕಟ್ಟೆ ಎದ್ದಿತು. ಉದ್ಘಾಟನೆಯ ದಿನ ಚಿಗವ್ವನಿಗೆ ಎರಡು ಮಾತಾಡಲು ಹೇಳಿದರು. ಆಕೆ ಮೈಕಿನ ಮುಂದೆ ನಿಂತು ಮೇಲಿನ ಕೊಂಬೆಗಳನ್ನು ಬಹಳ ಹೊತ್ತು ನೋಡಿ, "ಕುಂದರ್ರಿ" ಎಂದು ಹೇಳಿ ತಾನೂ ಕೂತಳು. ಹೇಳಿದ್ದಕ್ಕಿಂತ ಒಂದು ಮಾತು ಕಡಿಮೆ.

ಅವಧಿ ಮುಗಿದ ಮೇಲೆ ಒಂದು ಭಾನುವಾರ ಹೋಗಿದ್ದೆ. ಚಿಗವ್ವ ಕಟ್ಟೆಯ ಮೇಲೆ ಒಬ್ಬಳೇ ಇದ್ದಳು. ಪಕ್ಕದಲ್ಲಿ ಕೂತು ತಮಾಷೆಗೆ ಕೇಳಿದೆ, "ಚಿಗವ್ವಾ, ಮಂದಿ ರಸ್ತಾ ಕೇಳ್ತಾರ, ನೀರ ಕೇಳ್ತಾರ. ನೀ ಇದನ್ನ ಎಲ್ಲಿಂದ ಹುಡುಕಿ ತಂದಿ?"

ಆಕೆ ಕಲ್ಲಿನ ಮೇಲೆ ಬಿದ್ದ ಎಲೆಯೊಂದನ್ನು ಸರಿಸಿದಳು.

"ತಮ್ಮಾ, ನಮ್ಮವ್ವ ಸುಮ್ಮ ಕುಂತಿದ್ದ ನಾ ಎಂದೂ ನೋಡಿರಲಿಲ್ಲ. ಉಣ್ಣೂ ಮುಂದನೂ ತುದಿಗಾಲ ಮ್ಯಾಲ ಕುಂದರ್ತಿದ್ಳು, ಯಾರರ ಕರದ್ರ ಏಳಾಕ ಬೇಕಂತ. ಸತ್ತ ದಿನ ಜಳಕಾ ಮಾಡಿಸಿ, ಹೊಸಾ ಸೀರಿ ಉಡಿಸಿ, ಗ್ವಾಡಿಗೆ ಆನಿಸಿ ಕುಂದರಿಸಿದ್ರಲ್ಲ, ಆವಾಗ ನೋಡಿದ್ನಿ. ಎಷ್ಟ ಚೆಂದ ಕುಂತಿದ್ಳು. ಎಲ್ಲಾರೂ ಅಳಾಕತ್ತಿದ್ರು. ನನಗ ಅಳುನ ಬರಲಿಲ್ಲ. ಈಕಿಗೆ ಕುಂದ್ರಾಕ ಬರ್ತಿತ್ತಲ್ಲ ಅಂತ ಅದನ್ನ ನೋಡಕೋತ ನಿಂತ್ನಿ."

ಮಧ್ಯಾಹ್ನದ ಆ ಹೊತ್ತಿಗೆ ಸಿಂದಗಿಯ ನನ್ನ ಮನೆಯಲ್ಲಿ ನನ್ನ ತಾಯಿ ಏನು ಮಾಡುತ್ತಿರಬಹುದು ಎಂದು ಯೋಚಿಸಿದೆ. ಒಲೆಯ ಮುಂದೆ, ನನ್ನ ಸಂಜೆಯ ರೊಟ್ಟಿಗೆ ಹಿಟ್ಟು ಸಾಣಿಸುತ್ತ ನಿಂತಿರುತ್ತಾಳೆ ಎಂದು ತಟ್ಟನೆ ಹೇಳಬಲ್ಲವನಾಗಿದ್ದೆ. ಆಕೆ ಕೂತಿರುವ ಒಂದು ಚಿತ್ರ ಮಾತ್ರ, ಎಷ್ಟು ಹುಡುಕಿದರೂ, ನೆನಪಿಗೆ ಬರಲಿಲ್ಲ.

ಮುಂದಿನ ಭಾನುವಾರ ಅವ್ವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೋದೆ. ಅಕ್ಕತಂಗಿಯರಿಬ್ಬರೂ ಕಟ್ಟೆಯ ಮೇಲೆ ಕೂತರು. ನಾನು ದೂರ ನಿಂತೆ. ಸ್ವಲ್ಪ ಹೊತ್ತಿಗೆ ಅವ್ವ ಸೆರಗು ಸರಿಮಾಡಿಕೊಂಡು, ಮೊಣಕಾಲಿನ ಮೇಲೆ ಕೈಯೂರಿ, "ಏಳೂಣೇನ? ಭಾಳ ಹೊತ್ತಾತಲ್ಲ," ಎಂದಳು.

ಚಿಗವ್ವ ಆಕೆಯ ಕಡೆ ನೋಡಲೂ ಇಲ್ಲ. ಮೊಣಕಾಲಿನ ಮೇಲಿದ್ದ ಆ ಕೈಯನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಇರಕ್ಕಾ," ಎಂದಳು. "ಈಗ ಬಂದೀವಿ."