ಗಿರಣಿಯವನ ಮೆಲುದನಿ

ನಾನು ಓದು ಬಿಟ್ಟದ್ದು ೧೯೬೯ರಲ್ಲಿ, ಕುಕನೂರಿನ ಸಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದಾಗ. ಬಿಟ್ಟೆ ಎಂದು ನಾನು ಹೇಳುತ್ತೇನೆ, ಬಿಡಿಸಿದರು ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಮಾಸ್ತರರು ಅಪ್ಪನನ್ನು ಕರೆಸಿ, "ನೋಡಪಾ, ನಿನ್ನ ಮಗಗ ಲೆಕ್ಕ ಬರಂಗಿಲ್ಲ, ವ್ಯಾಕರಣ ಬರಂಗಿಲ್ಲ. ದನಿ ಮಾತ್ರ ಫಸ್ಟ್ ಕ್ಲಾಸ್ ಐತಿ. ಇಂವ ಇಲ್ಲಿ ಹಾಜರಿ ಹೇಳಿದ್ರ ಬಾಜೂ ಸಾಲ್ಯಾಗ ಹಾಜರಿ ಹಾಕ್ತಾರ" ಅಂದರಂತೆ. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದ. ನಾನೂ ಹಾಗೇ ತಿಳಿದೆ. ಮರುವಾರವೇ ಅಪ್ಪ ನನ್ನನ್ನು ಗಂಗಾವತಿಗೆ ಕರೆದುಕೊಂಡು ಬಂದು ಅಕ್ಕಿ ಗಿರಣಿಯೊಂದರಲ್ಲಿ ಬೆಲ್ಟಿಗೆ ಎಣ್ಣೆ ಹಾಕುವ ಕೆಲಸಕ್ಕೆ ನಿಲ್ಲಿಸಿದ. ಕಾಲುವೆ ನೀರು ಬಂದು ಊರ ಸುತ್ತ ಎಲ್ಲ ಕಡೆ ಭತ್ತವೋ ಭತ್ತ. ಗಿರಣಿಗಳಿಗೆ ಹಗಲು ರಾತ್ರಿ ಎಂಬುದಿರಲಿಲ್ಲ. ಎಣ್ಣೆ ಹಾಕುವವನು ಫಿಟ್ಟರ್ ಆದೆ, ಫಿಟ್ಟರ್ ಇದ್ದವನು ಹೆಡ್ ಫಿಟ್ಟರ್ ಆದೆ. ಯಾರ ಶಿಫಾರಸೂ ಇಲ್ಲದೆ ಆದೆ ಎಂಬುದನ್ನು ಇಲ್ಲಿ ಬರೆದಿಟ್ಟರೆ ಜಂಬ ಎನ್ನಬೇಡಿ. ಜಂಬವೇ ಅದು.

ಗಿರಣಿಯ ಒಳಗೆ ಕಾಲಿಟ್ಟವರಿಗೆ ನಾನು ಹೇಳಬೇಕಾದ್ದಿಲ್ಲ. ಮೇಲೆ ಭತ್ತ ಎತ್ತುವ ಎಲಿವೇಟರು, ಕೆಳಗೆ ಸಿಪ್ಪೆ ಸುಲಿಯುವ ಹಲ್ಲರು, ನಡುವೆ ಜರಡಿ, ಮೂರೂ ಒಟ್ಟಿಗೆ ಕುಣಿಯುವಾಗ ಪಕ್ಕದವನಿಗೆ "ಕೈ ತೆಗಿ" ಎಂದು ಹೇಳಬೇಕಾದರೆ ಹೊಟ್ಟೆಯ ತಳದಿಂದ ಒದರಬೇಕು. ಮೆಲ್ಲಗೆ ಹೇಳಿದರೆ ಅವನಿಗೆ ಮಾತು ಮುಟ್ಟುವುದಿಲ್ಲ, ಬೆಲ್ಟಿಗೆ ಕೈ ಮುಟ್ಟುತ್ತದೆ. ಹೀಗೆ ಹತ್ತು ಹದಿನಾಲ್ಕು ವರ್ಷ ಒದರಿದವನಿಗೆ ತಾನು ಒದರುತ್ತಿದ್ದೇನೆ ಎಂಬ ಅರಿವು ಉಳಿಯುವುದಿಲ್ಲ. ಹೆಣ್ಣು ನೋಡಲು ಯಲಬುರ್ಗಾಕ್ಕೆ ಹೋದಾಗ, ನನ್ನ ಮಟ್ಟಿಗೆ ಬಹಳ ನಾಜೂಕಾಗಿಯೇ, "ನಿನ್ನ ಹೆಸರೇನವಾ?" ಎಂದು ಕೇಳಿದೆ. ಎದುರು ಕುಳಿತ ಹುಡುಗಿ "ರೂತಮ್ಮ" ಎಂದಳು. ಗೋಡೆಯಾಚೆಯಿಂದ ಯಾರೋ "ಬಸಮ್ಮ" ಎಂದರು. ಎರಡೂ ಕೇಳಿದ ಮೇಲೆಯೂ ರೂತಮ್ಮ ನನ್ನನ್ನು ಒಪ್ಪಿದಳು. ಧೈರ್ಯವಂತೆ ಎಂದು ಅಂದೇ ತಿಳಿದಿದ್ದೆ.

ಮನೆಯಲ್ಲಿ ನಾನು ಒಳ್ಳೆಯ ಕ್ರೈಸ್ತ ತಂದೆ, ಒಳ್ಳೆಯ ಗಂಡ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಪಗಾರವನ್ನು ರೂತಮ್ಮನ ಕೈಗೆ ಕೊಟ್ಟೇ ಕಾಲು ತೊಳೆಯುತ್ತೇನೆ, ದಿನಾ ಸಂಜೆ ಮನೆಮಂದಿಯನ್ನೆಲ್ಲ ಚಾಪೆಯ ಮೇಲೆ ಕೂಡಿಸಿ ಪ್ರಾರ್ಥನೆ ಮಾಡಿಸುತ್ತೇನೆ. ಇನ್ನೇನು ಬೇಕು? ಆ ಪ್ರಾರ್ಥನೆಯ ತಯಾರಿ ಓಣಿಯ ಮೂಲೆಯಿಂದಲೇ ಶುರು. ಗಿರಣಿಯಿಂದ ಬರುವಾಗ ರಾಜಾಸಾಬನ ಟೇಲರ್ ಅಂಗಡಿ ದಾಟಿದ ಕೂಡಲೇ "ದಾವೀದಾ! ಪುಸ್ತಕ ತೆಗಿ! ರೂತಮ್ಮಾ! ನೀರು ಕಾಸು! ಎಸ್ತರಾ, ಚಾಪಿ ಹಾಸು!" ಎಂದು ಹೇಳಿಕೊಂಡೇ ಬರುತ್ತಿದ್ದೆ. ಮನೆ ಮುಟ್ಟುವಷ್ಟರಲ್ಲಿ ನೀರು ಕಾದಿರುತ್ತಿತ್ತು, ಚಾಪೆ ಬಿದ್ದಿರುತ್ತಿತ್ತು, ಮಗ ದಾವೀದ ಪುಸ್ತಕದೊಳಗೆ ಮೂಗಿಟ್ಟಿರುತ್ತಿದ್ದ. ಇಡೀ ಗಂಗಾವತಿಯಲ್ಲಿ ಇಂಥ ಶಿಸ್ತಿನ ಮನೆ ಇಲ್ಲ ಎಂದು ನಾನು ಗಿರಣಿಯಲ್ಲಿ ಹೇಳಿಕೊಳ್ಳುತ್ತಿದ್ದೆ. ಗಿರಣಿಯಲ್ಲಿ ಹೇಳಿದ್ದು ಊರಿಗೇ ಕೇಳಿಸುತ್ತಿತ್ತು.

ತೊಂದರೆ ಬಂದದ್ದು ದೇವಾಲಯದಿಂದ. ಹಿಟ್ನಾಳದ ಕಡೆಯಿಂದ ಹೊಸದಾಗಿ ಬಂದ ಪಾಸ್ಟರು ತೆಳ್ಳಗೆ, ಬೆಳ್ಳಗೆ ಇದ್ದರು. ಮಾತೂ ತೆಳ್ಳಗೆ. ಅವರ ಬೋಧನೆ ನನ್ನವರೆಗೆ ಬರುವಷ್ಟರಲ್ಲಿ ಅರ್ಧ ಗಾಳಿಗೆ ಹೋಗುತ್ತಿತ್ತು. ಒಂದು ಭಾನುವಾರ ರೂತಮ್ಮನ ಕಿವಿಯಲ್ಲಿ ಗುಟ್ಟಾಗಿ, "ಇನ್ನೂ ಎಷ್ಟೊತ್ತು ಹೇಳ್ತಾರಂತ?" ಎಂದೆ. ಪಾಸ್ಟರು ಅಲ್ಲಿಗೇ ಬೋಧನೆ ಮುಗಿಸಿ ಆಶೀರ್ವಾದ ಹೇಳಿಬಿಟ್ಟರು. ಹೊರಗೆ ಬಂದ ಮೇಲೆ ಎರಡು ಮನೆಯವರು ಬಂದು ನನ್ನ ಕೈ ಕುಲುಕಿದರು. ಮುಂದಿನ ಭಾನುವಾರದ ಬೋಧನೆ, ತಂದೆಯಾದವನು ಮನೆಯಲ್ಲಿ ಯಾವ ದನಿಯಲ್ಲಿ ಮಾತಾಡಬೇಕು ಎಂಬುದರ ಮೇಲೆ. ಗದರುವ ತಂದೆಯ ಮನೆಯಲ್ಲಿ ಮಕ್ಕಳು ಬೆಳೆಯುವುದಿಲ್ಲ, ಅಡಗುತ್ತಾರೆ ಎಂದರು. ಅವತ್ತು ಮುಂದಿನ ಸಾಲಿನಲ್ಲೇ ಕುಳಿತಿದ್ದೆ, ಪೂರ್ತಿ ಕೇಳಿಸಿತು. ಪಾಪ, ಇದು ಯಾರಿಗೋ ಹೇಳುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡಿದೆ. ಹೆಂಗಸರ ಸಾಲಿಗೆ ಸಾಲೇ ನನ್ನನ್ನು ನೋಡುತ್ತಿತ್ತು. ರೂತಮ್ಮ ಮಾತ್ರ ನೆಲ ನೋಡುತ್ತಿದ್ದಳು.

ನಾನು ಇಂಥ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳುವವನಲ್ಲ. ಹಚ್ಚಿಕೊಂಡದ್ದಕ್ಕೆ ಕಾರಣ ನನ್ನ ಮಗಳು ಎಸ್ತರು. ಆಗ ಅವಳಿಗೆ ಆರು ವರ್ಷ. ಬಾಜೂ ಮನೆಯ ಹುಲಿಗೆವ್ವ ಸಿಕ್ಕಾಗಲೆಲ್ಲ, "ನಿಮ್ಮ ಎಸ್ತರವ್ವ ಕಥಿ ಹೇಳಾಕ ಕುಂತ್ಲಂದ್ರ ನಕ್ಕು ನಕ್ಕು ಹೊಟ್ಟಿ ನೋಯ್ತೈತಿ ನೋಡಣ್ಣ" ಎನ್ನುತ್ತಿದ್ದಳು. ಓಣಿಯ ಮಂದಿಯೆಲ್ಲ ಅವಳ ಕಥೆ ಕೇಳಿದ್ದರು, ರಾಜಾಸಾಬ ಕೇಳಿದ್ದ, ಮೊಸರು ಮಾರುವವಳು ಬುಟ್ಟಿ ಇಳಿಸಿ ಕೇಳಿದ್ದಳು. ಹೆತ್ತ ಅಪ್ಪ ಒಂದನ್ನೂ ಕೇಳಿರಲಿಲ್ಲ. ನನ್ನ ಮುಂದೆ ಅವಳು ಬಾಯಿ ಬಿಟ್ಟರೆ ಒಂದೆರಡು ಮಾತು, ಆಮೇಲೆ ಸುಮ್ಮನೆ ಎದ್ದು ಹೋಗುವಳು. ಪಾಸ್ಟರು ಹೇಳಿದ ಅಡಗುವ ಮಗು ನನ್ನ ಮನೆಯಲ್ಲೇ ಇದೆ ಎನಿಸಿತು. ಮಗಳ ಬಾಯಿಂದ ಒಂದು ಕಥೆ ಕೇಳಬೇಕು, ಅದಕ್ಕಾಗಿ ಒದರುವುದನ್ನು ಇವತ್ತಿಗೇ ಬಿಟ್ಟೆ ಎಂದು ದೇವರ ಮುಂದೆ ಮಾತು ಕೊಟ್ಟೆ.

ಮರುದಿನ ಗಿರಣಿಯಿಂದ ಬರುವಾಗ ಓಣಿಯ ಮೂಲೆಯಲ್ಲಿ ತುಟಿ ಬಿಗಿ ಹಿಡಿದೆ. ಚಪ್ಪಲಿಯನ್ನೂ ಸದ್ದಾಗದಂತೆ ಎತ್ತಿಟ್ಟು ನಡೆದೆ. ಬಾಗಿಲು ತಳ್ಳಿದರೆ ಒಳಗೆ ಬೇರೆಯದೇ ಮನೆ. ರೂತಮ್ಮ, ಹುಲಿಗೆವ್ವ ಇಬ್ಬರೂ ಕಾಲು ಚಾಚಿ ಕುಳಿತು ಹುರಿದ ಶೇಂಗಾ ತಿನ್ನುತ್ತಿದ್ದರು. ದಾವೀದ ನನ್ನ ಟವೆಲ್ಲು ತಲೆಗೆ ಸುತ್ತಿ, ನನ್ನ ಕುರ್ಚಿ ಹತ್ತಿ, ಕಣ್ಣು ಮುಚ್ಚಿ, "ಕರ್ತನೇ! ಹಲ್ಲರ್ ಕಾಪಾಡು! ಜರಡಿ ಕಾಪಾಡು! ಟೈಮ್ ಸಿಕ್ರ ನಮ್ಮನಿ ಮಂದೀನೂ ಕಾಪಾಡು!" ಎಂದು ನನ್ನದೇ ದನಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದ. ಎಸ್ತರು ನೆಲಕ್ಕೆ ಬಿದ್ದು ನಗುತ್ತಿದ್ದಳು. ಎಲ್ಲರಿಗಿಂತ ಮೊದಲು ನನ್ನನ್ನು ನೋಡಿದ್ದು ಹುಲಿಗೆವ್ವ. ಹಿತ್ತಲ ಬಾಗಿಲಿಂದ ಆಕೆ ಹೋದ ವೇಗ ನೋಡಿದರೆ ನಮ್ಮ ಎಲಿವೇಟರಿಗೂ ನಾಚಿಕೆಯಾಗಬೇಕು. ನಾನು ಕಲಿತು ಬಂದಿದ್ದ ಮೆಲುದನಿಯಲ್ಲಿ, "ಇರಲಿ, ಇರಲಿ, ನಡೀಲಿ" ಎಂದೆ. ಅಂಥ ದನಿಯನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ದಾವೀದ ಅಳತೊಡಗಿದ. ರೂತಮ್ಮ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಆಮೇಲಿನ ದಿನಗಳ ಕಥೆ ಏನು ಹೇಳಲಿ! ದಾವೀದನನ್ನು ಹತ್ತಿರ ಕರೆದು ಮೆತ್ತಗೆ, "ಸಾಲಿ ಹೆಂಗ ನಡದೈತಪ್ಪ?" ಎಂದು ಕೇಳಿದರೆ, ಅವನು ಗಣಿತದಲ್ಲಿ ಫೇಲಾದದ್ದು, ಮಾಸ್ತರರ ಸೈಕಲ್ಲಿನ ಗಾಳಿ ಬಿಟ್ಟದ್ದು, ಯಾರದೋ ತೋಟದಲ್ಲಿ ಪೇರಲ ಹಣ್ಣು ಕದ್ದದ್ದು, ನಾನು ಕೇಳದ ಪಾಪಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಕೊಂಡ. ಒದರಿ ಕೇಳಿದ್ದರೆ ಒಂದೂ ಹೊರಬರುತ್ತಿರಲಿಲ್ಲ. ಹುಲಿಗೆವ್ವ ಲಿಂಬೆಹಣ್ಣು, ಮೆಣಸಿನಕಾಯಿ ತಂದು, "ಅಣ್ಣಗ ಭಾಳ ಕೆಟ್ಟ ದೃಷ್ಟಿ ತಾಗೈತಿ ತಂಗಿ, ಇಳಿಸಿ ಒಗದುಬಿಡು" ಎಂದಳು. ರೂತಮ್ಮ ಕ್ರೈಸ್ತಳು, ಇಳಿಸುವಂತಿಲ್ಲ. ನೆರೆಯವಳು ಪ್ರೀತಿಯಿಂದ ತಂದದ್ದು, ಬೇಡ ಎನ್ನುವಂತಿಲ್ಲ. "ಪ್ರಾರ್ಥನಿ ನಾವು ಮಾಡ್ತೀವಕ್ಕ, ಲಿಂಬಿಹಣ್ಣು ನೀ ಇಟ್ಟು ಹೋಗು" ಎಂದಳು. ಅವತ್ತು ರಾತ್ರಿ ಚಿತ್ರಾನ್ನ ಬಹಳ ರುಚಿಯಾಗಿತ್ತು. ರಾಜಾಸಾಬ ನನ್ನನ್ನು ದಾರಿಯಲ್ಲಿ ತಡೆದು, ಸನ್ನೆ ಮಾಡಿ ಗಟ್ಟಿಯಾಗಿ, "ಏನ್ ಭಾಯಿ, ನೀವು ಒದರೋದು ಬಂದ್ ಮಾಡಿ ನನ್ನ ದುಕಾನ್ ಬಂದ್ ಮಾಡೋ ಟೈಮೇ ತಿಳಿವಲ್ದು. ನಿನ್ನೆ ಊಟದ ಹೊತ್ತು ತಪ್ಪಿ ಮನಿಯಾಗ ಬೈಸ್ಕೊಂಡೆ" ಎಂದು ಜಗಳಕ್ಕೇ ಬಂದ. ಮನೆಯಲ್ಲಿ ಹಿಡಿದಿಟ್ಟ ದನಿಯೆಲ್ಲ ಗಿರಣಿಯಲ್ಲಿ ಹೊರಬಂದು, ಹಮಾಲರು ನನ್ನನ್ನು ಕಂಡರೆ ಚೀಲದ ಹಿಂದೆ ನಿಲ್ಲತೊಡಗಿದರು. ಇಷ್ಟೆಲ್ಲ ಆದರೂ ಎಸ್ತರಿನ ಕಥೆ ಮಾತ್ರ ಬರಲಿಲ್ಲ. ನಾನು ಎದುರು ಕುಳಿತು ಬೆಣ್ಣೆಯಂತೆ ನಕ್ಕರೆ ಅವಳು ತಾಯಿಯ ಸೆರಗಿನ ಹಿಂದೆ ಹೋಗುತ್ತಿದ್ದಳು.

ನಮ್ಮ ಮನೆಯ ಪ್ರಾರ್ಥನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಬಾಯಿಬಿಟ್ಟು ಬೇಡಿಕೊಳ್ಳುವುದು ರೂಢಿ. ಒಬ್ಬರು ದೇವರೊಡನೆ ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಈ ಕಾನೂನು ಮಾಡಿದವನೂ ನಾನೇ. ಒಂದು ಸಂಜೆ ರೂತಮ್ಮನ ಸರದಿ. ಅವಳು ನನ್ನ ಬಲಗಡೆಯೇ ಕೂಡುತ್ತಾಳೆ, ಗಿರಣಿಯವನ ಹೆಂಡತಿಗೆ ಬೇಕಾದಷ್ಟು ಗಟ್ಟಿ ದನಿಯೂ ಅವಳಿಗೆ ಬಂದಿದೆ.

"ದೇವರಪ್ಪಾ, ನನ್ನ ಗಂಡ ಒದರೋದು ಬಿಟ್ಟಾರ. ನಿನಗ ಮೆಚ್ಚಿಗಿ ಆಗಿರಬೇಕು, ನನಗ ಗೊತ್ತಿಲ್ಲ. ಮೊದಲ ಅವರು ಬರೂದು ಓಣಿ ಮೂಲಿಯಾಗ ಗೊತ್ತಾಗ್ತಿತ್ತು. ಅಲ್ಲಿತನಕ ನಾವು ನಕ್ಕೋಂತ ಇರ್ತಿದ್ವಿ. ಈಗ ಬೆಕ್ಕಿನಂಗ ಬರ್ತಾರ, ಯಾವಾಗ ಬರ್ತಾರ ಅಂತ ತಿಳಿಯಂಗಿಲ್ಲ. ಓಣಿ ಮೂಲಿಯಾಗಿದ್ದ ಅಂಜಿಕಿ ಈಗ ಮನಿಯೊಳಗ ಬಂದು ಕುಂತೈತಿ. ಅವರು ಒದರ್ಕೋಂತನ ಬರಲಿ ಸ್ವಾಮಿ. ಒಳಗ ಬಂದ ಮ್ಯಾಲೆ ಮಾತ್ರ ನಾಕು ಮಾತು ಕೇಳಿಸ್ಕೊಳ್ಳೂ ಹಂಗ ಮಾಡು. ಆಮೆನ್."

ಮಕ್ಕಳಿಬ್ಬರೂ ನನಗಿಂತ ಮೊದಲೇ ಗಟ್ಟಿಯಾಗಿ ಆಮೆನ್ ಎಂದರು. ನಾನು ಕಣ್ಣು ಬಿಟ್ಟೆ.

"ಏ ರೂತಮ್ಮ, ನಾ ಯಾವಾಗ ಕೇಳಿಸ್ಕೊಂಡಿಲ್ಲ?"

"ಯಾವಾಗ ಕೇಳಿಸ್ಕೊಂಡೀರಿ? ಈ ಕೂಸು ನಿಮ್ಮ ತೊಡಿ ಹತ್ತಿರ ಕುಂತು ಎಷ್ಟು ಕಥಿ ಹೇಳೇತಿ! ನೀವು ಗ್ವಾಡಿ ನೋಡ್ಕೋಂತ ಹೂಂ ಅಂತೀರಿ. ರಾಜಾ ಸತ್ತ ಅಂದ್ರೂ ಹೂಂ, ಲಗ್ನ ಆತು ಅಂದ್ರೂ ಹೂಂ. ಅದಕ್ಕ ಎದ್ದು ಬರ್ತಾಳ ಅಕಿ."

"ಹೇಳ್ಯಾಳ? ನನಗ?" ನಾನು ಎಸ್ತರಿನ ಕಡೆ ತಿರುಗಿದೆ. ಅವಳ ತುಟಿ ಅಲ್ಲಾಡಿತು. ಏನೂ ಕೇಳಿಸಲಿಲ್ಲ. ಅಭ್ಯಾಸಬಲದಿಂದ "ಹೂಂ" ಎಂದೆ.

ದಾವೀದ ಮೆಲ್ಲಗೆ, ಅಂದರೆ ನನಗೆ ಕೇಳುವಷ್ಟು ಜೋರಾಗಿ, "ಅವ್ವಾ, ಅಪ್ಪಗ ಕಿವಿ ಕೇಳ್ಸಂಗಿಲ್ಲ" ಎಂದ.

"ಯಾರಲೇ ಹಂಗಂದಂವ! ನನಗ ಹಲ್ಲರಿನ ಒಳಗ ಒಂದು ನಟ್ ಸಡಿಲಾದ್ರ ಕೇಳ್ತೈತಿ!" ಎಂದು ಒದರಿದೆ. ಮಾತು ಕೊಟ್ಟ ಮೇಲೆ ಮನೆಯಲ್ಲಿ ಅದೇ ಮೊದಲು ಒದರಿದ್ದು. ಯಾರೂ ಹೆದರಲಿಲ್ಲ. ರೂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಎಸ್ತರನ್ನು ಎತ್ತಿ ನನ್ನ ಪಕ್ಕದ ಪೆಟ್ಟಿಗೆಯ ಮೇಲೆ ನಿಲ್ಲಿಸಿ, "ಇಲ್ಲಿ, ಬಲಗಿವಿಯಾಗ ಹೇಳವ್ವ. ಮೂಲಿ ತನಕ ಕೇಳೂ ಹಂಗ ಹೇಳು" ಎಂದಳು.

ಎಸ್ತರು ನನ್ನ ಕಿವಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದಳು. "ಒಬ್ಬ ರಾಕ್ಷಸ ಇದ್ದನಂತ! ಅಂವ ಹಸಿವಾಗಿ ಅಕ್ಕಿ ಗಿರಣೀನ ನುಂಗಿದನಂತ! ಅವನ ಹೊಟ್ಟ್ಯಾಗ ಗಿರಣಿ ತಿರಗೂದು ತಿರಗೂದಂತ! ಅದಕ್ಕ ಅವಗ ಮಂದಿ ಅಳೂದೂ ಕೇಳ್ಸಂಗಿಲ್ಲಂತ, ನಗೂದೂ ಕೇಳ್ಸಂಗಿಲ್ಲಂತ!"

ನಾನು ಇನ್ನಷ್ಟು ಬಾಗಿದೆ. "ಆಮ್ಯಾಲೆ?" ಎಂದೆ.

"ಆಮ್ಯಾಲೆ ಕರೆಂಟ್ ಹೋತು!"

"ಹೋಗಿ?"

"ಗಿರಣಿ ನಿಂತಬಿಡ್ತು! ಅವಗ ಎಲ್ಲಾ ಕೇಳ್ಸಾಕತ್ತು!"

ನಾನು ನಕ್ಕೆ. ಗಿರಣಿಯವನು ನಕ್ಕರೆ ಹೇಗಿರುತ್ತದೆ ಎಂದು ನೀವೇ ಊಹಿಸಿ. "ಇನ್ನೊಂದು ಹೇಳು!" ಎಂದು ನಾನು, "ಈಗ ನಂದು!" ಎಂದು ದಾವೀದ, "ಅನ್ನ ಆರ್ತೈತ್ರೀ!" ಎಂದು ರೂತಮ್ಮ, ಕಥೆ ಹೇಳುತ್ತ ಎಸ್ತರು, ನಾಲ್ವರೂ ಒಟ್ಟಿಗೆ ಒದರುತ್ತಿರುವಾಗ ಬಾಗಿಲಲ್ಲಿ ಪಾಸ್ಟರು ನಿಂತಿದ್ದರು. ತಮ್ಮ ಬೋಧನೆಯಿಂದ ಒಂದು ಮನೆ ಬದಲಾಗಿದೆ ಎಂದು ಯಾರೋ ಹೇಳಿದ್ದನ್ನು ನಂಬಿ, ನೋಡಿ ಸಂತೋಷಪಡಲು ಬಂದಿದ್ದರಂತೆ. ಅವರ ಮುಖ ನೋಡಿದರೆ, ಸೈಕಲ್ಲು ಹತ್ತಿ ಹಿಟ್ನಾಳಕ್ಕೇ ವಾಪಸು ಹೋಗುವಂತಿದ್ದರು. ನಾನು ಓಡಿಹೋಗಿ ಕೈ ಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಕೂಡಿಸಿದೆ. ಅವರು ಏನೋ ಹೇಳಿದರು. ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಈ ಸಲ ನಾನು ಹೂಂ ಎನ್ನಲಿಲ್ಲ.

"ಜೋರಾಗಿ ಹೇಳ್ರಿ ಅಯ್ಯನವರ!" ಎಂದೆ.

ಅವರು ಸ್ವಲ್ಪ ಜೋರಾಗಿ ಹೇಳಿದರು. ಎಸ್ತರು, "ಹಂಗಲ್ರಿ, ಬಲಗಡೆ ಬರ್ರಿ!" ಎಂದು ಅವರ ಕೋಟು ಹಿಡಿದು ಎಳೆದಳು. ಪಾಪ, ಪಾಸ್ಟರು ಎದ್ದು ಬಂದು, ನನ್ನ ಬಲಗಿವಿಗೆ ಬಾಯಿಟ್ಟು, ಕುತ್ತಿಗೆಯ ನರ ಉಬ್ಬುವಂತೆ, "ಈ ಮನೆಗೆ ಸಮಾಧಾನವಾಗಲಿ!" ಎಂದು ಒದರಿದರು. ಓಣಿಯ ಮೂಲೆಯಲ್ಲಿ ರಾಜಾಸಾಬ ಹೊತ್ತಾಯಿತೆಂದು ಅಂಗಡಿಯ ಬಾಗಿಲು ಎಳೆದುಕೊಂಡ ಸದ್ದು ನನಗೆ ಕೇಳಿಸಲಿಲ್ಲ, ರೂತಮ್ಮ ಹೇಳಿದಳು.

ಗಿರಣಿ ಬಿಡುವಂತಿಲ್ಲ, ಅನ್ನ ಅಲ್ಲೇ ಇದೆ. ಡಾಕ್ಟರು ಕಿವಿ ನೋಡಿ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಹತ್ತಿಯಿಟ್ಟು ಕಾಪಾಡಿಕೊಳ್ಳಿ ಎಂದರು. ಕಾಪಾಡಿಕೊಂಡಿದ್ದೇನೆ. ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು: ಹೆಂಡತಿ ಒಬ್ಬಳು, ಮಕ್ಕಳಿಬ್ಬರು, ಎರಡು ಕೋಣೆಯ ಮನೆ, ಅರ್ಧ ಎಡಗಿವಿ, ಮುಕ್ಕಾಲು ಬಲಗಿವಿ.