ಬೇಲದ ಮರ ಹತ್ತಿದವರು

ಹಲ್ಲುಜ್ಜಲು ಹಿತ್ತಲಿಗೆ ಬಂದ ಜಂಬಣ್ಣನವರ ಬೋಳು ತಲೆಗೆ ನೇರವಾಗಿ ಬೇಲದ ಹಣ್ಣೊಂದು ಬಿತ್ತು. ಅವರು ಕಣ್ಣು ಬಿಟ್ಟಾಗ, ಕಂಬಳಿಯ ತುಂಬ ಹಣ್ಣು ತುಂಬಿಕೊಂಡು ಬೀರಪ್ಪ ಎದುರಿಗೆ ನಿಂತಿದ್ದ.

ಹರಿಯಬ್ಬೆಯ ಕುರುಬರ ಈ ಹುಡುಗ ಹಿರಿಯೂರಿನ ಸರ್ಕಾರಿ ಸ್ಕೂಲಿಗೆ ಸೇರಿದಂದಿನಿಂದ, ಕುರಿ ವಾಸನೆ ಅಂತ ಯಾರೂ ಅವನ ಪಕ್ಕ ಕೂರುತ್ತಿರಲಿಲ್ಲ. ಕೂತವನು ಒಬ್ಬನೇ, ತಾಳ್ಯದಿಂದ ಬಂದು ಸೋದರಮಾವನ ಮನೆಯಲ್ಲಿದ್ದ ಚಿತ್ತಯ್ಯ. ಅವನ ಎಡಗಾಲು ಕಡ್ಡಿಯಂತೆ ಒಣಗಿತ್ತು. ಅವನನ್ನು ಯಾರೂ ಆಟಕ್ಕೆ ಕರೆಯುತ್ತಿರಲಿಲ್ಲ. ಆದರೆ ಕೋಲು ಊರಿ ಊರಿ ಅವನ ತೋಳು ಗರಡಿಯಾಳಿನ ತೋಳಾಗಿತ್ತು. ಕೊಂಬೆ ಕೈಗೆ ಸಿಕ್ಕರೆ ಕೋತಿಯೂ ನಾಚಬೇಕು. ಬೀರಪ್ಪನಿಗೋ ಜಗಲಿಯ ಮೇಲೆ ನಿಂತರೂ ತಲೆ ತಿರುಗುವುದು. ಹೀಗಾಗಿ ಮೇಲಿನ ಕೆಲಸ ಚಿತ್ತಯ್ಯನದು, ಕೆಳಗಿನದು ಬೀರಪ್ಪನದು.

ಜಂಬಣ್ಣ ಕಣ್ಣು ಬಿಡುವಷ್ಟರಲ್ಲಿ ಚಿತ್ತಯ್ಯ ಮರದ ಹಿಂಬದಿಯಿಂದ ಜಾರಿ ಇಳಿದು, ಕೋಲು ಹಿಡಿದು ಕೂತುಬಿಟ್ಟಿದ್ದ.

"ನನ್ನ ಮರ ಹತ್ತಿ ಹಣ್ಣು ಉದುರಿಸ್ತೀಯೇನ್ಲೇ?" ಜಂಬಣ್ಣ ಬೀರಪ್ಪನ ಕಿವಿ ಹಿಂಡಿದರು.

"ನಾನು ಹತ್ತಿಲ್ಲ ಯಜಮಾನ್ರೆ!"

ಕೂಗಿಗೆ ಬೀದಿಯೇ ನೆರೆಯಿತು. ಪಕ್ಕದ ಮನೆಯ ದ್ಯಾಮಮ್ಮ ಒಲೆಯ ಮೇಲಿನ ಎಸರು ಬಿಟ್ಟು ಓಡಿಬಂದಳು. ಮೇಷ್ಟ್ರು ಮೂಡಲಗಿರಿಯಪ್ಪ ಬೆತ್ತದ ಸಮೇತ ಬಂದು ಎರಡು ಬಾರಿಸಿದರು.

"ನಾಳೆಯಿಂದ ಸ್ಕೂಲಿಗೆ ಬರಬ್ಯಾಡ. ಕುರಿ ಕಾಯಾಕೆ ಹೋಗು."

ಚಿತ್ತಯ್ಯನಿಗೆ ತಡೆಯಲಾಗಲಿಲ್ಲ. "ಹತ್ತಿದ್ದು ನಾನು ಮೇಷ್ಟ್ರೇ. ಅವನ್ನ ಬಿಟ್ಬಿಡ್ರಿ."

ದ್ಯಾಮಮ್ಮನ ಕಣ್ಣು ಒದ್ದೆಯಾಯಿತು. "ನೋಡ್ರಿ ಕೂಸಿನ ಮನಸು! ಗೆಣೆಕಾರನ್ನ ಉಳಿಸಾಕೆ ಸುಳ್ಳು ಹೇಳ್ತೈತೆ!"

"ಕುಂಟ ಹುಡುಗನ ಕೈಲಿ ಸುಳ್ಳು ಹೇಳಿಸ್ತೀಯಾ?" ಮೇಷ್ಟ್ರು ಬೀರಪ್ಪನಿಗೆ ಇನ್ನೆರಡು ಬಿಗಿದರು.

"ಹಂಗಾದ್ರೆ ನೋಡ್ರಿ!" ಚಿತ್ತಯ್ಯ ಕೋಲು ಬಿಸಾಡಿ ಕೊಂಬೆಗೆ ಕೈ ಹಾಕಿದ. ಜನ ಬಾಯಿ ಬಿಟ್ಟು ನೋಡುತ್ತಿದ್ದಂತೆ ಮರದ ತುದಿಯಲ್ಲಿದ್ದ. ಬೀರಪ್ಪ ನೆಮ್ಮದಿಯ ಉಸಿರು ಬಿಟ್ಟ. ಇನ್ನು ಯಾರು ತಾನೇ ಅನುಮಾನ ಪಟ್ಟಾರು?

ಜಂಬಣ್ಣ ಊದಿದ ತಲೆಯ ಮೇಲೇ ಕೈ ಜೋಡಿಸಿದರು. "ಮಲ್ಲೇಶ್ವರಾ! ನೆಟ್ಟಗೆ ನಡೀಲಾರದ ಕೂಸು ಮರ ಹತ್ತೈತೆ!"

"ಪವಾಡ!" ಎಂದಳು ದ್ಯಾಮಮ್ಮ. ಯಾರೋ ಕಾಯಿ ಒಡೆದರು. "ಪವಾಡ ಅಲ್ರೀ, ನಾನು ದಿನಾ ಹತ್ತೀನಿ!" ಎಂದು ಚಿತ್ತಯ್ಯ ಅರಚಿದ್ದು ಜಾಗಟೆಯ ಸದ್ದಿನಲ್ಲಿ ಮುಳುಗಿಹೋಯಿತು.

"ಮೇಷ್ಟ್ರೇ, ಹತ್ತಿದ್ದು ಅವನೇ ಅಂತ ಗೊತ್ತಾತಲ್ಲ," ಬೀರಪ್ಪ ಮೆಲ್ಲಗೆ ಕೇಳಿದ, "ನಾನು ಸ್ಕೂಲಿಗೆ ಬರ್ಲಾ?"

"ತಲೆ ಐತೇನ್ಲೇ? ದೇವರು ಅವನಿಗೆ ಶಕ್ತಿ ಕೊಟ್ಟಿದ್ದು ಈಗ. ಮೊದಲು ಹಣ್ಣು ಬಿದ್ದಾಗ ಆ ಶಕ್ತಿ ಎಲ್ಲಿತ್ತು? ಅಂದ್ಮೇಲೆ ಕಳ್ಳ ನೀನೇ!"

ದೇವರು ಮುಟ್ಟಿದ ಕಾಲು ನೆಲ ಸೋಕಬಾರದೆಂದು ತೀರ್ಮಾನವಾಯಿತು. ಕಳ್ಳನಿಗೂ ಒಂದಿಷ್ಟು ಪುಣ್ಯ ಬರಲೆಂದು ಚಿತ್ತಯ್ಯನನ್ನು ಬೀರಪ್ಪನ ಹೆಗಲ ಮೇಲೇ ಕೂರಿಸಿ ಮೆರವಣಿಗೆ ಹೊರಡಿಸಿದರು. ಹೆಂಗಸರು ಬಿಂದಿಗೆಗಟ್ಟಲೆ ಸುರಿದ ನೀರು ಚಿತ್ತಯ್ಯನ ಪಾದ ತೊಳೆದು ಬೀರಪ್ಪನ ಬೆತ್ತದ ಬರೆಗಳ ಮೇಲೆ ಇಳಿಯಿತು.

ಚಿತ್ತಯ್ಯ ಬಗ್ಗಿ ಪಿಸುಗುಟ್ಟಿದ. "ಇಳಿಸಲೇ ಬೀರ, ಇನ್ನೊಂದ್ಸಲ ನಿಜ ಹೇಳ್ತೀನಿ."

"ನಿನ್ನ ಕಾಲಿಗೆ ಬೀಳ್ತೀನಿ, ಸುಮ್ಕಿರಪ್ಪ! ನೀನು ಬಾಯಲ್ಲಿ ಹೇಳಿದ್ದಕ್ಕೆ ಇನ್ನೆರಡು ಏಟು ಬಿತ್ತು, ಹತ್ತಿ ತೋರಿಸಿದ್ದಕ್ಕೆ ನಾನೇ ಕಳ್ಳ ಅಂತ ಖಾತ್ರಿ ಆತು. ಇನ್ನೊಂದ್ಸಲ ಹೇಳಿದ್ರೆ ಊರೇ ಬಿಡಿಸ್ತಾರೆ!"